ರಮಣಭಾಯಿಯ ಸಾಲು ಕುಣಿತ

ಕೋಕಿಲಾಬೆನ್ ಗಂಡನನ್ನು ದಬ್ಬಲಿಲ್ಲ. ವಡೋದರಾದ ಆ ಹೌಸಿಂಗ್ ಸೊಸೈಟಿಯಲ್ಲಿ ಇವತ್ತಿಗೂ ಜನ ದಬ್ಬಿದರೆಂದೇ ಹೇಳುತ್ತಾರೆ, ಹೇಳಲಿ. ಎಡಗಾಲು ಇಡಬೇಕಾದ ಕಡೆ ನಾನು ಬಲಗಾಲು ಇಟ್ಟೆ, ರಮಣಭಾಯಿ ಅದನ್ನು ಎಡವಿ ಬಿದ್ದರು. ನಡೆದದ್ದು ಇಷ್ಟು.

ರಮಣಭಾಯಿ ಎಂದರೆ ಮೊದಲು ಕಾಣುತ್ತಿದ್ದದ್ದು ಟೋಪಿ. ಬುಟ್ಟಿಯಷ್ಟು ಅಗಲದ, ಎರಡೂ ಅಂಚು ಮೇಲಕ್ಕೆ ಮಡಚಿದ ಕಂದು ಟೋಪಿ. ಅದರ ಕೆಳಗೆ ಲಿಂಬೆಕಾಯಿಯಂಥ ಮುಖ, ಆಮೇಲೆ ಬಿಳಿ ಪೈಜಾಮ, ಪೈಜಾಮದ ಕೆಳಗೆ ಚೂಪು ಮೂತಿಯ ಚರ್ಮದ ಬೂಟು. ಆ ವೇಷದಲ್ಲೇ ಬೆಳಿಗ್ಗೆ ಹಾಲಿನ ಚೀಲ ತರಲು ಹೋಗುತ್ತಿದ್ದರು. ಸೊಸೈಟಿಯ ನಾಯಿಗಳು ಬೇರೆ ಯಾರಿಗೂ ಬೊಗಳುತ್ತಿರಲಿಲ್ಲ.

ನಾನು ನಾಲ್ಕನೇ ಇಯತ್ತೆ ಓದಿದವಳು. ಬ್ಯಾಂಕಿನವರು ಮಗನನ್ನು ಹುಬ್ಬಳ್ಳಿಯಿಂದ ವಡೋದರಾಕ್ಕೆ ವರ್ಗ ಮಾಡಿದರು, ಅವನ ಸಾಮಾನಿನ ಜೊತೆ ನಾನೂ ಬಂದೆ. ಗುಜರಾತಿನ ಆ ದೊಡ್ಡ ಭೂಕಂಪವಾಗಿ ಎರಡು ವರ್ಷವಾಗಿತ್ತು. ಅಲ್ಲಿ ವಯಸ್ಸಾದ ಹೆಂಗಸರನ್ನು ‘ಬಾ’ ಎನ್ನುತ್ತಾರೆ. ಮೊದಲ ತಿಂಗಳು ಯಾರು ‘ಬಾ’ ಎಂದರೂ ನಾನು ಎದ್ದು ಹೋಗುತ್ತಿದ್ದೆ. ಹೀಗಿರುವಾಗ ಒಂದು ದಿನ ಮೆಟ್ಟಿಲ ಮೇಲೆ ಆ ಟೋಪಿ ನಿಂತು ನನ್ನನ್ನು ಮಾತಾಡಿಸಿತು.

“ಯಾವೂರ್ರೀ ಅಕ್ಕಾರ? ಹುಬ್ಬಳ್ಳಿ ಮಾತು ಬಿದ್ದಂಗಾತಲ್ಲ ಕಿವ್ಯಾಗ.”

ನನ್ನ ಕೈಯಲ್ಲಿದ್ದ ಕೊತ್ತಂಬರಿ ಕೆಳಗೆ ಬಿತ್ತು. ಅವರ ತಂದೆ ಹುಬ್ಬಳ್ಳಿಯಲ್ಲಿ ಕಟ್ಟಿಗೆ ಅಡ್ಡೆ ಇಟ್ಟಿದ್ದರಂತೆ. ಗರಗಸದ ಸದ್ದಿನಲ್ಲೇ ಹುಟ್ಟಿ ಬೆಳೆದ ಪಟೇಲರ ಹುಡುಗ. ದೊಡ್ಡವನಾಗಿ ಗುಜರಾತಿಗೆ ಬಂದು ಮದುವೆಯಾಗಿ, ಆಮೇಲೆ ಅಮೆರಿಕದ ಟೆಕ್ಸಾಸಿನಲ್ಲಿ ದಾಯಾದಿಯೊಬ್ಬನ ಮೋಟೆಲಿಗೆ ಕೆಲಸಕ್ಕೆ ಹೋದರು. ಹೆದ್ದಾರಿ ಪಕ್ಕದ ಆ ವಸತಿಗೃಹದಲ್ಲಿ ಹದಿನಾಲ್ಕು ವರ್ಷ ಹಾಸಿಗೆಯ ಚಾದರ ಬದಲಿಸಿದರು. ಹೆಂಡತಿ ಕೋಕಿಲಾಬೆನ್ ವಡೋದರಾದಲ್ಲೇ ಉಳಿದರು. ಒಂದು ವನವಾಸದಷ್ಟು ಕಾಲ.

ತಿರುಗಿ ಬಂದವರು ಸುಮ್ಮನೆ ಬರಲಿಲ್ಲ, ಒಂದು ಫೋಟೋ ತಂದರು. ಫೋಟೋದಲ್ಲಿ ಅದೇ ಟೋಪಿ, ಅದೇ ಬೂಟು, ಎಡಕ್ಕೆ ನಾಲ್ಕು ಬಿಳಿ ಹೆಂಗಸರು, ಬಲಕ್ಕೆ ಐದು. ಎಲ್ಲರದೂ ಒಂದೇ ಕಾಲು ಮೇಲೆ. ಕೋಕಿಲಾಬೆನ್ ಅದನ್ನು ನೋಡಿ ಫ್ರಿಜ್ಜಿನ ಮೇಲೆ ಮಗುಚಿಟ್ಟರು. ಅಂದಿನಿಂದ ಗಂಡನ ಜೊತೆ ಮಾತು ಬಂದ್. ಚಹಾ ಆಗಿದ್ದರೆ ಗೋಡೆಗೆ ಹೇಳುತ್ತಿದ್ದರು. ಗ್ಯಾಸ್ ಮುಗಿದಿದ್ದರೂ ಗೋಡೆಗೆ.

“ನಮ್ಮನಿ ಗ್ವಾಡಿ ಭಾಳ ಶಾಣ್ಯಾ ಐತ್ರಿ,” ಎಂದು ರಮಣಭಾಯಿ ನನಗೆ ಹೇಳುತ್ತಿದ್ದರು. “ನಾ ಏನು ಕೇಳಿದ್ರೂ ಅದಕ್ಕ ಉತ್ತರ ಸಿಗ್ತೈತಿ.”

“ಹೆಂಗಸರ ಜೋಡಿ ಕುಣದು ಬಂದ್ರ ಮತ್ತೇನು ಆರತಿ ಎತ್ತತಾರೇನ್ರಿ?” ಎಂದೆ.

“ಅಲ್ರೀ ಅಕ್ಕಾರ, ಇದು ಜೋಡಿ ಕುಣಿಯೂದಲ್ಲ, ಸಾಲು ಕುಣಿತ. ಎಲ್ಲಾರೂ ಸಾಲಾಗಿ ನಿಂತು ಒಂದ ಕಡೆ ಮಾರಿ ಮಾಡೂದು. ಯಾರೂ ಯಾರ ಕೈ ಮುಟ್ಟೂದಿಲ್ಲ. ನನ್ನ ಜೋಡಿ ಇಲ್ಲೇ ಇದ್ಲಲ್ರಿ, ಅದಕ್ಕ ಜೋಡಿ ಬ್ಯಾಡಾದ್ದು ಹುಡುಕಿ ಕಲತೆ.”

ಇದನ್ನು ಹೆಂಡತಿಗೆ ಹೇಳಲು ಅವರು ಹತ್ತು ಸಲ ನೋಡಿದ್ದರು. ಗೋಡೆ ಒಪ್ಪಲಿಲ್ಲ. ಕೊನೆಗೆ ಒಂದು ಉಪಾಯ ಹೂಡಿದರು. ಸೊಸೈಟಿಯ ವಾರ್ಷಿಕ ಕೂಟದಲ್ಲಿ ಹನ್ನೆರಡು ಹೆಂಗಸರನ್ನು ನಿಲ್ಲಿಸಿ ಸಾಲು ಕುಣಿತ ಮಾಡಿಸುವುದು. ಕೋಕಿಲಾಬೆನ್ ಮುಂದಿನ ಕುರ್ಚಿಯಲ್ಲಿ ಕೂತು ಕಣ್ಣಾರೆ ನೋಡಲಿ, ಒಂದು ಬೆರಳಿಗೆ ಇನ್ನೊಂದು ಬೆರಳು ತಾಗುವುದಿಲ್ಲ ಎಂದು. ಹನ್ನೊಂದು ಜನ ಸಿಕ್ಕರು. ಹನ್ನೆರಡನೆಯವಳು ನಾನು. ನನಗೆ ಅರವತ್ತಮೂರು. ಬೇಡವೆಂದೆ. ಅವರು ಹುಬ್ಬಳ್ಳಿ ಮಾತಿನಲ್ಲಿ ಕೇಳುತ್ತಲೇ ಹೋದರು, ಆ ಮಾತಿನ ಆಸೆಗೆ ನಾನು ಸೋತೆ.

ತಾಲೀಮು ಟೆರೇಸಿನ ಮೇಲೆ ಶುರುವಾಯಿತು. ಹನ್ನೆರಡು ಹೆಂಗಸರು ಒಟ್ಟಿಗೆ ಹಿಮ್ಮಡಿ ಕುಟ್ಟಿದ್ದೇ ತಡ, ಕೆಳಗಿನ ಮನೆಯವರು ಮತ್ತೆ ಭೂಮಿ ನಡುಗಿತೆಂದು ಮಕ್ಕಳನ್ನೂ ಟಿವಿಯನ್ನೂ ಎತ್ತಿಕೊಂಡು ರಸ್ತೆಗೆ ಓಡಿದರು. ಎರಡನೆಯ ದಿನವೂ ಓಡಿದರು. ಮೂರನೆಯ ದಿನ ನಮ್ಮನ್ನು ಪಾರ್ಕಿಂಗಿಗೆ ಇಳಿಸಿದರು.

ರಮಣಭಾಯಿ ಕಲಿಸುವ ರೀತಿಯೇ ಬೇರೆ. ಎಣಿಕೆಯನ್ನು ಐದರಿಂದ ಶುರು ಮಾಡುತ್ತಿದ್ದರು. “ಐದು, ಆರು, ಏಳು, ಎಂಟು,” ಎಂದು ಕೂಗಿದ ಮೇಲೆ ನಾವು ಕಾಲೆತ್ತಬೇಕು.

“ಒಂದರಿಂದ ನಾಕು ಎಲ್ಲಿ ಹೋದುವ್ರಿ?” ಎಂದು ಕೇಳಿದೆ.

“ಅವು ಸೀರಿ ಉಟಗೊಳ್ಳಾಕ ಹೋಗ್ಯಾವ್ರಿ. ನೀವು ಕಾಲು ಎತ್ರಿ.”

ಮೊದಲ ಹೆಜ್ಜೆಗೆ ಟೆಕ್ಸಾಸಿನಲ್ಲಿ ದ್ರಾಕ್ಷಿಬಳ್ಳಿ ಎನ್ನುತ್ತಾರಂತೆ. ಬಲಗಾಲು ಪಕ್ಕಕ್ಕೆ, ಎಡಗಾಲು ಅದರ ಹಿಂದಿನಿಂದ ದಾಟಿ, ಮತ್ತೆ ಬಲಗಾಲು ಪಕ್ಕಕ್ಕೆ, ಎಡಗಾಲು ಬಂದು ಮುಟ್ಟಬೇಕು. ಓಣಿಯಲ್ಲಿ ಸಗಣಿ ಬಿದ್ದಿದ್ದರೆ ನಾವು ದಾಟುವುದು ಹಾಗೇ. ಅದಕ್ಕೆ ಇಷ್ಟು ದೂರ ಹೋಗಿ ಕಲಿಯಬೇಕಾಗಿರಲಿಲ್ಲ ಎಂದೆ. ಆಮೇಲೆ ಹಿಮ್ಮಡಿ ಮುಂದೆ ಊರುವುದು. “ಎರಡೂ ಕೈಯಾಗ ಚಾದರ ಅದಾವು ಅಂತ ತಿಳೀರಿ. ಬಾಗಲಾ ತೆರದೈತಿ. ಹಿಮ್ಮಡೀಲೆ ಮುಚ್ಚರಿ,” ಎನ್ನುತ್ತಿದ್ದರು. ಹದಿನಾಲ್ಕು ವರ್ಷದ ಚಾಕರಿಯನ್ನು ಆ ಮನುಷ್ಯ ಕಾಲಿನಲ್ಲೇ ಇಟ್ಟುಕೊಂಡಿದ್ದ.

ಕೈಗಳ ಹೆಬ್ಬೆರಳನ್ನು ಸೊಂಟದ ಪಟ್ಟಿಗೆ ಸಿಕ್ಕಿಸಬೇಕು, ಅದೇ ಚಂದವಂತೆ. ಸೀರೆಗೆ ಎಲ್ಲಿಯ ಪಟ್ಟಿ? ಇಬ್ಬರು ಹೆಬ್ಬೆರಳನ್ನು ನೆರಿಗೆಗೆ ಸಿಕ್ಕಿಸಿದರು, ಎರಡನೆಯ ದ್ರಾಕ್ಷಿಬಳ್ಳಿಗೆ ನೆರಿಗೆ ಬಿಚ್ಚಿತು. ಮರುದಿನ ಎಲ್ಲರೂ ಗಂಡಂದಿರ ಬೆಲ್ಟನ್ನು ಸೀರೆಯ ಮೇಲೆ ಬಿಗಿದುಕೊಂಡು ಬಂದರು. ನಾನು ಮಗನದು ಕಟ್ಟಿಕೊಂಡೆ. ಅವನು ಆ ದಿನ ಪ್ಯಾಂಟು ಹಿಡಿದುಕೊಂಡು ಬ್ಯಾಂಕಿಗೆ ಹೋದ.

ಎಲ್ಲಕ್ಕಿಂತ ಕಷ್ಟದ್ದು ತಿರುಗುವುದು. ಹೆಜ್ಜೆಯೆಲ್ಲ ಒಂದು ಸಲ ಮುಗಿದ ಮೇಲೆ ಎಲ್ಲರೂ ಎಡಕ್ಕೆ ತಿರುಗಿ ಪಕ್ಕದ ಗೋಡೆಗೆ ಮುಖ ಮಾಡಿ ಮತ್ತೆ ಮೊದಲಿನಿಂದ ಕುಣಿಯಬೇಕು. ನಾನು ಹಿಂದಿನ ಸಾಲಿನ ಎಡ ಮೂಲೆ ಹಿಡಿದಿದ್ದೆ. ಅಡಗಿ ನಿಲ್ಲುವುದಕ್ಕೆ, ಮುಂದಿನವಳ ಕಾಲು ನೋಡಿ ನಕಲು ಹೊಡೆಯುವುದಕ್ಕೆ ಅದು ಒಳ್ಳೆಯ ಜಾಗ. ಎಡಕ್ಕೆ ತಿರುಗಿದರೆ ಎಡ ಅಂಚಿನವರೇ ಮುಂದಿನ ಸಾಲಾಗುತ್ತಾರೆ ಎಂಬುದು ನನ್ನ ತಲೆಗೆ ಹೋಗಿರಲಿಲ್ಲ. ಏಕೆಂದರೆ ತಾಲೀಮಿನಲ್ಲಿ ನಾವು ಯಾವ ಗೋಡೆಗೆ ತಿರುಗಿದರೂ ರಮಣಭಾಯಿ ಬೂಟು ಕುಟ್ಟುತ್ತ ಆ ಕಡೆಗೆ ಓಡಿಬಂದು ಎದುರು ನಿಲ್ಲುತ್ತಿದ್ದರು. ನಾನು ಅವರ ಕಾಲು ನೋಡುತ್ತಿದ್ದೆ.

ಕೂಟದ ಸಂಜೆ ಅವರು ಓಡಲಿಲ್ಲ. “ವೇದಿಕಿ ಮ್ಯಾಲೆ ಕೋಳಿ ಹಂಗ ಓಡ್ಯಾಡಿದ್ರ ಚಂದ ಕಾಣೂದಿಲ್ಲ. ಇವತ್ತು ನಾ ಮುಂದ ಒಂದ ಕಡೆ ನಿಂದರತೇನಿ,” ಎಂದರು. ಹೊಸ ಅಂಗಿ ಹಾಕಿದ್ದರು. ಎದುರಿನ ಕುರ್ಚಿಯಲ್ಲಿ ಕೋಕಿಲಾಬೆನ್ ಕೈಕಟ್ಟಿ ಕೂತಿದ್ದರು, ಪಕ್ಕದವರು ಕೊಟ್ಟ ಶೇಂಗಾ ಕೂಡ ಮುಟ್ಟದೆ.

ಕ್ಯಾಸೆಟ್ಟಿನಲ್ಲಿ ಯಾರೋ ಮೂಗಿನಿಂದ ಅಳತೊಡಗಿದ. ಐದು, ಆರು, ಏಳು, ಎಂಟು. ಮೊದಲ ಸುತ್ತು ದೇವರಾಣೆಗೂ ಚೆನ್ನಾಗಿ ಬಂತು. ಹನ್ನೆರಡು ಬೆಲ್ಟು, ಇಪ್ಪತ್ನಾಲ್ಕು ಹೆಬ್ಬೆರಳು, ಯಾರಿಗೂ ಯಾರೂ ತಾಗಲಿಲ್ಲ. ಕೋಕಿಲಾಬೆನ್ ಕಟ್ಟಿದ್ದ ಕೈ ಬಿಟ್ಟು ಸ್ವಲ್ಪ ಮುಂದಕ್ಕೆ ಬಾಗಿದ್ದನ್ನು ನಾನು ನೋಡಿದೆ.

ಆಗ ಎಡಕ್ಕೆ ತಿರುಗಿದೆವು. ನನ್ನ ಮುಂದೆ ಕಾಲಿಲ್ಲ. ಶಾಮಿಯಾನದ ಬಟ್ಟೆ ಇದೆ, ಒಂದು ಬಕೆಟ್ ಇದೆ, ನೋಡಲು ಒಂದೂ ಕಾಲಿಲ್ಲ. ನಾನು ಎಡಕ್ಕೆ ಹೊರಟೆ. ಬಿಳಿ ಕೂದಲಿನವಳಿಗೆ ಗೊತ್ತಿರಬೇಕೆಂದು ಹಿಂದಿನವರು ಕೆಲವರು ನನ್ನ ಜೊತೆ ಎಡಕ್ಕೆ ಬಂದರು. ಉಳಿದವರು ಕಲಿತ ಹಾಗೆ ಬಲಕ್ಕೇ ಹೊರಟರು. ನಡುವೆ ಡಿಕ್ಕಿಯಾಯಿತು. ಬೀಳಬಾರದೆಂದು ಒಬ್ಬರ ಕೈ ಒಬ್ಬರು ಹಿಡಿದರು. ಗುಜರಾತಿ ಹೆಂಗಸರಿಗೆ ಕೈ ಸಿಕ್ಕಮೇಲೆ ಕಾಲಿಗೆ ಹೇಳಿಕೊಡಬೇಕಾಗಿಲ್ಲ. ಸಾಲು ಬಾಗಿ ಸುತ್ತಾಯಿತು, ಚಪ್ಪಾಳೆ ಬಂತು, ಟೆಕ್ಸಾಸಿನ ಹಾಡಿಗೆ ಗರ್ಬಾ ಶುರುವಾಯಿತು.

ರಮಣಭಾಯಿ ಸುತ್ತಿನೊಳಕ್ಕೆ ನುಗ್ಗಿ, “ಲೈನ್, ಲೈನ್,” ಎನ್ನುತ್ತ ಒಬ್ಬೊಬ್ಬರ ಕೈ ಹಿಡಿದು ಎಳೆದು ಸಾಲಿಗೆ ನಿಲ್ಲಿಸತೊಡಗಿದರು. ಯಾರ ಕೈಯನ್ನೂ ಹಿಡಿಯುವುದಿಲ್ಲ ಎಂದು ತೋರಿಸಬೇಕಾಗಿದ್ದವರು ಹೆಂಡತಿಯ ಕಣ್ಣೆದುರೇ ಏಳು ಜನರ ಕೈ ಹಿಡಿದರು. ನಾನು ಎಣಿಸಿದೆ.

ಕೋಕಿಲಾಬೆನ್ ಎದ್ದರು. ಸೆರಗು ಸಿಕ್ಕಿಸಿ ವೇದಿಕೆ ಹತ್ತಿದರು. ಜಗಳಕ್ಕೆ ಬಂದರೆಂದು ಎಲ್ಲರೂ ತಿಳಿದರು. ಅವರು ಬಂದದ್ದು ಬೇರೆಯದಕ್ಕೆ. ಆ ಸೊಸೈಟಿಯಲ್ಲಿ ನವರಾತ್ರಿಯ ಗರ್ಬಾಕ್ಕೆ ಗಂಡ ಇಲ್ಲದ ಅಷ್ಟೂ ವರ್ಷ ಮುಂದಾಳು ಅವರೇ, ನಮ್ಮ ಸುತ್ತು ಅಷ್ಟು ಕೆಟ್ಟದಾಗಿ ಹೋಗುತ್ತಿದ್ದದ್ದು ಅವರಿಂದ ನೋಡಲಾಗಲಿಲ್ಲ. ಸುತ್ತಿಗೆ ಸೇರಿ, ಬಾಗಿ, ಚಪ್ಪಾಳೆ ತಟ್ಟಿ ಕೈ ಬೀಸಿದರು. ಬೀಸಿದ ಕೈ ಗಂಡನ ಹೆಗಲಿಗೆ ಸವರಿಕೊಂಡು ಹೋದ ಗಳಿಗೆಯಲ್ಲೇ ನನ್ನ ಬಲಗಾಲು ಅವರ ಬೂಟಿಗೆ ಅಡ್ಡ ಬಂತು. ಜನಕ್ಕೆ ಕಂಡದ್ದು ಕೈ. ಕಾಲನ್ನು ಯಾರು ನೋಡುತ್ತಾರೆ? ರಮಣಭಾಯಿ ಚಾದರ ಜಾಡಿಸಿದ ಹಾಗೆ ಒಂದು ಸಲ ಮೇಲಕ್ಕೆ ಹೋಗಿ ಕೆಳಕ್ಕೆ ಬಂದರು. ಪಾದದ ಗಂಟು ಉಳುಕಿ ಬದನೆಕಾಯಿಯಾಯಿತು.

ಆ ವರ್ಷವೇ ಮಗನಿಗೆ ಅಹಮದಾಬಾದಿಗೆ ವರ್ಗವಾಗಿ ನಾವು ಅಲ್ಲಿ ಸ್ಯಾಟಲೈಟ್ ಎಂಬ ಬಡಾವಣೆಯಲ್ಲಿ ಮನೆ ಮಾಡಿದೆವು. ರಮಣಭಾಯಿಯನ್ನು ಮತ್ತೆ ನೋಡಲಾಗಲಿಲ್ಲ. ಮೂರು ವರ್ಷದ ಮೇಲೆ ತೀರಿಕೊಂಡರೆಂದು ಫೋನು ಬಂತು. ಹಗಲು ಊಟ ಮಾಡಿ ಮಲಗಿದವರು ಏಳಲಿಲ್ಲವಂತೆ, ಒಳ್ಳೆಯ ಸಾವು. ಕೋಕಿಲಾಬೆನ್‌ಗೆ ಕನ್ನಡ ಬರುವುದಿಲ್ಲ, ಆದ್ದರಿಂದ ಇದನ್ನೆಲ್ಲ ಬರೆಯುತ್ತಿದ್ದೇನೆ.

ರಮಣಭಾಯಿ ಬಿದ್ದ ಮರುದಿನ ಬೆಳಿಗ್ಗೆ ನಾನು ಸ್ನಾನ ಮಾಡಿ ಅವರ ಮನೆಗೆ ಹೋದೆ. ತಪ್ಪು ನನ್ನ ಕಾಲಿನದು ಎಂದು ಹೇಳಿ ಬರುವುದಿತ್ತು. ನನ್ನ ಬಾಯಿಂದ ಯಾವಾಗ ನಿಜ ಬೀಳುತ್ತದೋ ಎಂದು ಸೊಸೆ ನೆಂಟರ ಮುಂದೆ ಹೆದರಿಕೊಂಡೇ ಇರುತ್ತಾಳೆ. ರಮಣಭಾಯಿ ಮಂಚದ ಮೇಲಿದ್ದರು, ಕಾಲು ಎರಡು ದಿಂಬಿನ ಮೇಲೆ. ಅಡುಗೆಮನೆಯಿಂದ ಕೋಕಿಲಾಬೆನ್ ಗುಜರಾತಿಯಲ್ಲಿ ಏನೋ ಗದರಿದರು. ಗೋಡೆಗಲ್ಲ, ಗಂಡನಿಗೆ.

“ಏನಂತಾರ್ರಿ?” ಎಂದೆ.

“ಕಾಲು ಅಲ್ಲಾಡಿಸಿದ್ರ ಮುರೀತೇನಿ ಅಂತಾಳ್ರಿ,” ಎಂದು ಹಲ್ಲು ಬಿಟ್ಟರು. ಆಮೇಲೆ ನನ್ನ ಮುಖ ನೋಡಿ ದನಿ ತಗ್ಗಿಸಿದರು. “ಅಕ್ಕಾರ, ನೀವು ಯಾಕ ಬಂದೀರಿ ಗೊತ್ತೈತ್ರಿ. ನಿಮ್ಮ ಕಾಲು ನಾ ನೋಡೇನಿ. ಕೈ ಮುಗೀತೇನಿ, ಹೇಳಬ್ಯಾಡ್ರಿ. ತಾನ ದಬ್ಬಿದೆ ಅಂತ ತಿಳಕೊಂಡಾಳ. ನಿನ್ನಿ ರಾತ್ರಿಯಿಂದ ನನ್ನ ಜೋಡಿ ಮಾತಾಡಾಕತ್ತಾಳ.”

“ಸುಳ್ಳು ಹೇಳಂತೀರೇನು ನನಗ, ಈ ವಯಸ್ಸಿನ್ಯಾಗ?”

“ಹೇಳಬ್ಯಾಡ್ರಿ. ಸುಮ್ಮನಿರ್ರಿ ಅಷ್ಟ.”

ಸುಮ್ಮನಿರುವುದು ನನಗೆ ಬರುವುದಿಲ್ಲ. ಅಡುಗೆಮನೆಗೆ ಹೋದೆ. ಕೋಕಿಲಾಬೆನ್ ಒಲೆಯ ಮೇಲೆ ಶಿರಾಕ್ಕೆ ರವೆ ಹುರಿಯುತ್ತಿದ್ದರು. ಕಣ್ಣು ಊದಿಕೊಂಡಿತ್ತು. ಸೌಟು ನಿಲ್ಲಿಸದೆ ಹಿಂದಿಯಲ್ಲಿ ಕೇಳಿದರು, “ಬಾ, ನೀವು ಮುಲಾಜು ನೋಡುವವರಲ್ಲ. ಖರೇ ಹೇಳಿ. ನಾನೇ ದಬ್ಬಿದೆನೇ?”

“ಹೌದು,” ಎಂದೆ. “ಜೋರಾಗೇ ದಬ್ಬಿದಿರಿ.”

ಅವರು ಡಬ್ಬಿ ತೆರೆದು ರವೆಗೆ ಇನ್ನೊಂದು ಚಮಚ ತುಪ್ಪ ಹಾಕಿದರು. ನಾನು ಚಪ್ಪಲಿ ಮೆಟ್ಟಿಕೊಂಡು ತರಕಾರಿ ತರಲು ಹೋದೆ.