ಫಿಲೋಮಿನಾ ಆಂಟಿ ಕೇಳಿದ ನೇರಳೆ

ಯಾವ ತಿಂಗಳು ಎಂದು ಕೇಳಿದರೆ ಫಿಲೋಮಿನಾ ಆಂಟಿ ಬಣ್ಣ ಹೇಳುತ್ತಿದ್ದರು. "ಈ ನೇರಳೆ ಮುಗಿಯೋದ್ರೊಳಗೆ ನಲ್ಲಿ ರಿಪೇರಿ ಮಾಡ್ಸಕ್ಕೇಳು ನಿಮ್ಮಪ್ಪಂಗೆ" ಎಂದರೆ ಈಸ್ಟರ್‌ಗೆ ಮುಂಚೆ ಎಂದರ್ಥ. ದೊಡ್ಡಬಳ್ಳಾಪುರದಲ್ಲಿ ನಮ್ಮ ಪಕ್ಕದ ಮನೆ ಅವರದು. ಮುಂದಿನ ಕೋಣೆಯಲ್ಲಿ ಗಂಡ ಅಂತೋಣಪ್ಪನವರ ಎರಡು ಮಗ್ಗ, ಹಿಂದಿನ ಕೋಣೆಯಲ್ಲಿ ಆಂಟಿಯ ಹೊಲಿಗೆ ಯಂತ್ರ. ಫಾದರ್ ತೊಡುವ ಮೇಲಂಗಿ, ಚರ್ಚಿನ ಪೀಠದ ಮುಂದೆ ಇಳಿಬಿಡುವ ವಸ್ತ್ರ ಎಲ್ಲ ಅಲ್ಲೇ ತಯಾರಾಗುತ್ತಿದ್ದವು.

ನಾನು ದೇವರನ್ನು ನಂಬದವನು, ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ಹೊಡೆದವನು.

"ಆಂಟಿ, ನಿಮ್ ದೇವ್ರಿಗೇನು ಬಣ್ಣದ ಹುಚ್ಚಾ?"

"ದೇವ್ರಿಗಲ್ಲ ಲಾಯರ್ ಸಾಹೇಬ್ರೇ, ನಮಗೆ. ಮರೀತೀವಲ್ಲ."

ಈಸ್ಟರ್‌ಗೆ ಮುಂಚಿನ ನಲವತ್ತು ದಿನದ ತಪಸ್ಸುಕಾಲಕ್ಕೆ ನೇರಳೆ, ಕ್ರಿಸ್ಮಸ್ಸಿಗೂ ಈಸ್ಟರ್‌ಗೂ ಬಿಳಿ, ಧರ್ಮಕ್ಕಾಗಿ ಪ್ರಾಣ ಕೊಟ್ಟ ರಕ್ತಸಾಕ್ಷಿಗಳ ದಿನ ಕೆಂಪು. ಮಿಕ್ಕ ಭಾನುವಾರಗಳಿಗೆಲ್ಲ ಹಸಿರು. "ಹಬ್ಬ ಇಲ್ದಿರೋ ದಿನಾನೇ ಜಾಸ್ತಿ ಕಣಪ್ಪಾ. ಪೈರು ಬೆಳೆಯೋದೂ ಅವಾಗ್ಲೇ."

ಸಾವಿಗೆ ಮಾತ್ರ ಶೋಕದ ನೇರಳೆಯೂ ನಡೆಯುತ್ತದೆ, ಸತ್ತವರು ಮತ್ತೆ ಎದ್ದು ಬರುತ್ತಾರೆಂಬ ಪುನರುತ್ಥಾನದ ಬಿಳಿಯೂ ನಡೆಯುತ್ತದೆ. ಮನೆಯವರನ್ನು ಕೇಳಿ ಹಾಕುತ್ತಾರೆ. ಇದು ತಿಳಿದ ದಿನ ನಾನು ಬಿಡಲಿಲ್ಲ.

"ಹೆಣದ ಮುಂದೆ ಬಿಳಿ ಹಾಕೋದು ಅಂದ್ರೆ ಅಳೋರ ಬಾಯಿ ಮುಚ್ಸೋದು ಆಂಟಿ. ಪುಕ್ಕಲರು ಮಾಡೋ ಕೆಲಸ."

ಯಂತ್ರದ ಮೇಲೆ ಆಂಟಿಯ ಕಾಲು ನಿಂತಿತು. ಗೆದ್ದೆ ಎಂದುಕೊಂಡು ಮನೆಗೆ ಬಂದೆ.

ನಾನು ಹೇಳಿದ್ದನ್ನು ಕೇಳಿಸಿಕೊಂಡು ಅಮ್ಮ ಸೌಟು ಕೆಳಗಿಟ್ಟಳು. "ಅವರ ಪ್ರವೀಣ ಹೋದಾಗ ಬಿಳೀನೇ ಹಾಕ್ಸಿದ್ದು ಕಣೋ. ಹನ್ನೊಂದು ವರ್ಷದ ಮಗ. ನೀನಿನ್ನೂ ಹುಟ್ಟಿರ್ಲಿಲ್ಲ."

ಕ್ಷಮೆ ಕೇಳಲು ನನಗೆ ಎರಡು ವರ್ಷ ಬೇಕಾಯಿತು. ಅಷ್ಟರಲ್ಲಿ ಆಂಟಿ ಕ್ಯಾನ್ಸರ್‌ನಿಂದ ಹಾಸಿಗೆ ಹಿಡಿದಿದ್ದರು.

"ಆ ಮಾತು ವಾಪಸ್ ತಗೊಳ್ತೀನಿ ಆಂಟಿ."

"ಬೇಡ ಬಿಡು, ಸರಿಯಾಗೇ ಹೇಳ್ದೆ. ಫಾದರ್ ಕೇಳ್ದಾಗ ಬಿಳಿ ಅಂದ್ಬಿಟ್ಟೆ. ಅದರ ಮುಂದೆ ಹೆಂಗಪ್ಪಾ ಅಳೋದು? ನಾನಾದ್ರೂ ಆಮೇಲೆ ಬಚ್ಚಲಲ್ಲಿ ಕೂತು ಅತ್ಕೊಂಡೆ. ಇವರು ಇವತ್ತಿಗೂ ಅತ್ತಿಲ್ಲ." ಮುಂದಿನ ಕೋಣೆಯಲ್ಲಿ ಮಗ್ಗ ಓಡುತ್ತಿತ್ತು. "ನನ್ ದಿನ ನೇರಳೆ ಹಾಕ್ಸು. ಇವರು ಬಿಳಿ ಅಂತಾರೆ. ನೀನು ವಾದ ಮಾಡು."

ಯಾರಾದರೂ ನನ್ನ ಮಾತನ್ನು ಖಂಡಿಸಲಿ ಎಂದು ನಾನು ಬಯಸಿದ್ದು ಆವತ್ತೊಂದೇ ದಿನ.

ಆಂಟಿ ತೀರಿಕೊಂಡದ್ದು ಈಸ್ಟರ್ ಕಾಲದಲ್ಲಿ. ಚರ್ಚಿನ ಪೀಠಕ್ಕೆ ಆಗಲೇ ಬಿಳಿ ಹಾಕಿತ್ತು.

"ಇದೇ ಇರ್ಲಿ. ಅವಳಿಗೆ ಬಿಳಿ ಅಂದ್ರೇ ಇಷ್ಟ" ಎಂದರು ಅಂತೋಣಪ್ಪ.

"ಇಲ್ಲ ಅಂಕಲ್. ನೇರಳೆ ಹಾಕ್ಸು ಅಂದ್ರು."

"ನಂಬದೋನು ನೀನು. ನಿಂಗ್ಯಾಕೆ ಹೇಳ್ತಾಳೆ?"

ಕಾರಣಗಳನ್ನೆಲ್ಲ ಸಾಲಾಗಿ ಜೋಡಿಸಿಕೊಂಡು ಹೋಗಿದ್ದೆ. ಅವನ್ನೆಲ್ಲ ಬಿಟ್ಟು "ನೀವು ಅಳಬೇಕಂತೆ" ಎಂದೆ.

ಅಂತೋಣಪ್ಪ ತಾವೇ ಹೋಗಿ ಬೀರುವಿನಿಂದ ನೇರಳೆ ತಂದು ಇಳಿಬಿಟ್ಟು, ಅಂಗೈಯಿಂದ ಸುಕ್ಕು ತೀಡಿದರು. ಮುಂದಿನ ಬೆಂಚಿನಲ್ಲಿ ಕುಳಿತವರು ಒಮ್ಮೆಲೇ ಗಟ್ಟಿಯಾಗಿ ಅಳತೊಡಗಿದರು. ಅವರು ಕರೆಯುತ್ತಿದ್ದುದು ಹೆಂಡತಿಯ ಹೆಸರನ್ನಲ್ಲ. "ಪ್ರವೀಣಾ, ಮಗಾ ಪ್ರವೀಣಾ" ಎನ್ನುತ್ತಿದ್ದರು.