ಜಗದಾಂಬಾ ಅವರು ಮತ್ತು ಯಾರೂ ಒತ್ತದ ಕೀಲಿಮಣೆ

ಕಂಪ್ಯೂಟರನ್ನು ಕಣ್ಣುಮುಚ್ಚಿ ನಂಬಿದವರೂ ಅದಕ್ಕೆ ಹೆದರಿ ದೂರ ನಿಂತವರೂ ನಮ್ಮಲ್ಲಿ ಬೇಕಾದಷ್ಟಿದ್ದ ಕಾಲದಲ್ಲಿ, ಅದನ್ನು ಅನುಮಾನಿಸುವುದನ್ನು ಕಲಿಸಿದವರು ಶ್ರೀಮತಿ ಜಗದಾಂಬಾ. ೧೯೯೧ರಲ್ಲಿ ಭದ್ರಾವತಿಯ ತಾಂತ್ರಿಕ ವಿದ್ಯಾಲಯಕ್ಕೆ ಉಪನ್ಯಾಸಕಿಯಾಗಿ ಸೇರಿದ ಅವರು, ಶಿವಮೊಗ್ಗದ ಕೋಟೆ ಪ್ರದೇಶದ ಮನೆಯಿಂದ ದಿನವೂ ಬಸ್ಸು ಹಿಡಿದು ಬಂದು ದುಡಿದು, ಈಗ ನಿವೃತ್ತರಾಗುತ್ತಿದ್ದಾರೆ. ಚಪ್ಪಲಿ ಹೊರಗೆ ಬಿಡಿ ಎಂದು ಪ್ರಾಂಶುಪಾಲರನ್ನೇ ಪ್ರಯೋಗಾಲಯದ ಬಾಗಿಲಲ್ಲಿ ತಡೆದವರು. ಹಸಿದು ಬಂದ ವಿದ್ಯಾರ್ಥಿಗೆ ತಮ್ಮ ಬುತ್ತಿಯ ರೊಟ್ಟಿಯನ್ನು ಗದರಿಕೊಂಡೇ ತಿನ್ನಿಸಿದವರು.

೨೦೦೩ರ ಮಳೆಗಾಲದ ಕೊನೆಯಲ್ಲಿ ಪ್ರಯೋಗಾಲಯದ ಯಂತ್ರಗಳು ತಾವೇ ಆರಿ ತಾವೇ ಹೊತ್ತಿಕೊಳ್ಳತೊಡಗಿ, ಪ್ರಾಯೋಗಿಕ ಪರೀಕ್ಷೆ ಅರ್ಧಕ್ಕೆ ನಿಂತಿತು. ಇದು ವೈರಸ್ ಎಂದು ತಿಳಿದಮೇಲೆ, ಯಾರೋ ಏನನ್ನೋ ಒತ್ತಿರಲೇಬೇಕೆಂದು ನಂಬಿದ್ದ ಪ್ರಾಂಶುಪಾಲ ಓಂಕಾರಪ್ಪನವರ ಕಣ್ಣು ಹಂಗಾಮಿ ಸಹಾಯಕಿ ಇಂಪನಾಳ ಮೇಲೆ ಬಿತ್ತು. ಕಾರ್ಖಾನೆಯಲ್ಲಿ ತಂದೆಯ ಕೆಲಸ ಹೋದಮೇಲೆ ಆಕೆಯ ದುಡಿಮೆಯೇ ಮನೆಗೆ ಆಧಾರವಾಗಿತ್ತು. ದಸರಾ ಕಳೆದಮೇಲೆ ಕೆಲಸಕ್ಕೆ ಬರುವುದು ಬೇಡ ಎಂದು ಓಂಕಾರಪ್ಪ ಆಕೆಗೆ ಹೇಳಿಬಿಟ್ಟರು.

"ನಾನೇನೂ ಒತ್ತಿಲ್ಲ ಮೇಡಂ, ದೇವ್ರಾಣೆ" ಎಂದು ಇಂಪನಾ ಅತ್ತಳು. ಯಾರೂ ಒತ್ತಬೇಕಾಗಿಲ್ಲ, ಇದು ಫೋನಿನ ತಂತಿಯ ಮೂಲಕ ಬಂದು ಸಾಫ್ಟ್‌ವೇರಿನ ತೂತನ್ನು ತಾನೇ ಹುಡುಕಿ ಒಳನುಗ್ಗುವ ಹುಳು ಎಂದು ಜಗದಾಂಬಾ ವಿವರಿಸಿದರೆ, ಓಂಕಾರಪ್ಪ ನಕ್ಕರು. "ಕೈ ಹಾಕ್ದೆ ಮಿಷನ್ ಕೆಡುತ್ತಾ? ಕಥೆ ಹೇಳ್ಬೇಡಿ."

ಆಯುಧಪೂಜೆಯ ದಿನ ಜಗದಾಂಬಾ, ಹುಳುವಿಲ್ಲದಂತೆ ಹೊಸದಾಗಿ ಸಾಫ್ಟ್‌ವೇರ್ ತುಂಬಿದ ಕಂಪ್ಯೂಟರೊಂದನ್ನು ಎಲ್ಲರೆದುರು ಇಂಟರ್ನೆಟ್ಟಿಗೆ ಜೋಡಿಸಿ, ಕೀಲಿಮಣೆಗೆ ಕುಂಕುಮವಿಟ್ಟು ಸೇವಂತಿಗೆ ಮಾಲೆ ಹಾಕಿದರು. ಪೂಜೆಗಿಟ್ಟ ಆಯುಧವನ್ನು ಅಂದು ಯಾರೂ ಮುಟ್ಟುವಂತಿಲ್ಲ. ಓಂಕಾರಪ್ಪನವರಂತೂ ಮುಟ್ಟಗೊಡುವವರೇ ಅಲ್ಲ. ಮಂಗಳಾರತಿ ಇನ್ನೂ ನಡೆಯುತ್ತಿರುವಾಗಲೇ ಪರದೆಯ ಮೇಲೆ ಎಚ್ಚರಿಕೆ ಮೂಡಿ, ಯಂತ್ರ ತಾನಾಗಿ ಆರಿತು. ಗಂಟೆ ಬಾರಿಸುತ್ತಿದ್ದ ಕೈ ನಿಂತಿತು.

"ಯಾರು ಮುಟ್ಟಿದ್ರು ಸಾರ್?" ಎಂದು ಜಗದಾಂಬಾ ಕೇಳಿದರು.

ಓಂಕಾರಪ್ಪನವರ ಮುಖ ಕೆಂಪಾಯಿತು. "ಹಂಗಾದ್ರೆ ತಪ್ಪು ಯಾರ್ದು? ಮೇಲಿನೋರಿಗೆ ಒಬ್ಬರ ಹೆಸರು ಕೊಡ್ಲೇಬೇಕು."

ಹುಳುವನ್ನು ಹರಿಯಬಿಟ್ಟ, ಊರು ಪತ್ತೆಯಿಲ್ಲದ ಯಾವನೋ ಕಿಡಿಗೇಡಿಯ ಮೇಲೆ ಹೊರಿಸಿ ಕೈತೊಳೆದುಕೊಳ್ಳಬಹುದಿತ್ತು. ಜಗದಾಂಬಾ ಹಾಗೆ ಮಾಡಲಿಲ್ಲ. "ಆ ತೂತು ಮುಚ್ಚೋ ಸಾಫ್ಟ್‌ವೇರ್ ಮೊದ್ಲೇ ಬಂದಿತ್ತು. ಹಾಕ್ಬೇಕಾದೋಳು ನಾನು, ಹಾಕಿರ್ಲಿಲ್ಲ. ನನ್ನ ಹೆಸ್ರು ಕೊಡಿ."

ಕೊಟ್ಟರು. ಆ ಕಪ್ಪುಚುಕ್ಕೆಯಿಂದಾಗಿ ವಿಭಾಗದ ಮುಖ್ಯಸ್ಥೆಯ ಹುದ್ದೆ ಎರಡು ಸಲ ಅವರ ಬಾಗಿಲವರೆಗೆ ಬಂದು ತಿರುಗಿಹೋಯಿತು. ಅವರು ನೊಂದದ್ದು ನಿಜ, ಆದರೆ ಆ ನೋವನ್ನು ಎಂದೂ ಎತ್ತಿ ಆಡಲಿಲ್ಲ.

ಅವರು ನೂರ್ಕಾಲ ಬಾಳಲಿ, ನಿವೃತ್ತಿಯಾದ ಮೇಲೂ ಕೋಟೆಯ ಮಕ್ಕಳಿಗೆ ಅನುಮಾನಿಸುವ ವಿದ್ಯೆಯನ್ನು ಗದರಿ ಕಲಿಸುತ್ತಿರಲಿ ಎಂಬುದು ನಮ್ಮೆಲ್ಲರ ಹಾರೈಕೆ. ಬೀಳ್ಕೊಡುಗೆಯ ಆಮಂತ್ರಣಪತ್ರಿಕೆಯಲ್ಲಿ ಅವರ ಹೆಸರಿನ ಮುಂದೆ ಬರೀ 'ಉಪನ್ಯಾಸಕಿ' ಎಂದಿದೆ. ಅದರ ಕೆಳಗಿನ ಸಾಲಿನಲ್ಲಿ ಸ್ವಾಗತ ಕೋರುವವರ ಹೆಸರಿದೆ: ಕುಮಾರಿ ಇಂಪನಾ, ಪ್ರಯೋಗಾಲಯ ಸಹಾಯಕಿ, ಕಾಯಂ.