ಅತ್ತೆಯ ಲೆನ್ಸುಗಳಿಗೆ ಒಂದು ಕ್ಯಾಮೆರಾ

ನನ್ನ ಅತ್ತೆಯವರ ಮೂರು ಲೆನ್ಸುಗಳಿಗೆ ವರ್ಷಕ್ಕೊಮ್ಮೆ ಬಿಸಿಲು ಸಿಗುತ್ತಿತ್ತು. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಸಂಡಿಗೆ ಒಣಹಾಕುವ ದಿನ, ಹಾಸಿದ ಹಳೆಯ ಸೀರೆಯ ಒಂದು ಮೂಲೆಯಲ್ಲಿ ಅವನ್ನೂ ಇಟ್ಟು, ಮುಚ್ಚಳ ತೆಗೆದು, ಗಾಜಿನ ಮೇಲೆ ತೆಳ್ಳನೆಯ ಬಟ್ಟೆ ಹೊದಿಸುತ್ತಿದ್ದರು. ಬೂಷ್ಟು ಬರಬಾರದು ಎಂದು. ಮದುವೆಯಾಗಿ ಆದೋನಿಗೆ ಬಂದ ಹೊಸದರಲ್ಲಿ ಅವು ಯಾವುದೋ ಯಂತ್ರದ ಬಿಡಿಭಾಗ ಇರಬೇಕು ಎಂದುಕೊಂಡಿದ್ದೆ.

ಮಾವನವರಿಗೆ ಬಜಾರಿನಲ್ಲಿ ಫೋಟೋ ಸ್ಟುಡಿಯೋ ಇತ್ತು. ಅಂಗಡಿಗೆ ಬರುವ ಗಂಡಸರು, ಮದುವೆಯ ಮೆರವಣಿಗೆ, ಶಾಲೆಯ ಗ್ರೂಪ್ ಫೋಟೋ ಎಲ್ಲ ಅವರ ಪಾಲು. ಮನೆಯೊಳಗಿನ ಹೆಂಗಸರ ಫೋಟೋ ಅತ್ತೆಯವರ ಪಾಲು. ಊರಿನ ಹಳೆಯ ಮೊಹಲ್ಲಾಗಳಲ್ಲಿ ಪರದೆಯೊಳಗಿನ ಹೆಣ್ಣುಮಕ್ಕಳ ಮುಂದೆ ಪರಗಂಡಸು ಕ್ಯಾಮೆರಾ ಹಿಡಿದು ನಿಲ್ಲುವಂತಿರಲಿಲ್ಲ. ಹಾಗಾಗಿ ಮಾವನವರು ಹೆಂಡತಿಗೆ ಕೆಲಸ ಕಲಿಸಿದರು. ಕ್ಯಾಮೆರಾವನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ತಲೆತುಂಬ ಸೆರಗು ಹೊದ್ದು ಮನೆಮನೆಗೆ ಹೋಗುತ್ತಿದ್ದ ಇವರನ್ನು ಆ ಓಣಿಗಳಲ್ಲಿ ಎಲ್ಲರೂ ಫೋಟೋ ಅಕ್ಕ ಅನ್ನುತ್ತಿದ್ದರಂತೆ.

ನಾನು ಬರುವ ಹೊತ್ತಿಗೆ ಮಾವನವರು ಇರಲಿಲ್ಲ. ಸ್ಟುಡಿಯೋ ಇದ್ದ ಜಾಗದಲ್ಲಿ ಮೊಬೈಲ್ ಅಂಗಡಿ ಬಂದಿತ್ತು. ಕ್ಯಾಮೆರಾದ ಶಟರ್ ಬಿಗಿದು ನಿಂತು, ಎಲ್ಲಿ ತೋರಿಸಿದರೂ ಸಾಮಾನು ಸಿಗುವುದಿಲ್ಲ ಎಂದಿದ್ದರು. ರೀಲು ಸಿಗುವುದೂ ನಿಂತಿತ್ತು. ಲೆನ್ಸುಗಳು ಮಾತ್ರ ಚೆನ್ನಾಗಿದ್ದವು.

ಎರಡು ವರ್ಷದ ಹಿಂದೆ ಒಂದು ಬೆಳಗ್ಗೆ, ನಾನು ಶಾಲೆಗೆ ಹೊರಡುವ ಹೊತ್ತಿಗೆ, ಬುರ್ಖಾ ಹಾಕಿದ ಮುದುಕಿಯೊಬ್ಬರು ಆಟೋ ಇಳಿದು ನಮ್ಮ ಮನೆಯೊಳಗೆ ಬಂದರು. ಬಂದವರೇ ಅತ್ತೆಯವರ ಕೈ ಹಿಡಿದುಕೊಂಡರು. ಇವರು ಮದುಮಗಳಾಗಿದ್ದಾಗ ಅತ್ತೆಯವರೇ ಫೋಟೋ ತೆಗೆದಿದ್ದರಂತೆ. ಈಗ ಅವರ ಮೊಮ್ಮಗಳ ಮದುವೆ. ಅದಕ್ಕೆ ಹೈದರಾಬಾದಿನಿಂದ ಒಬ್ಬ ತಂಗಿ, ಗುಂತಕಲ್ಲಿನಿಂದ ಇನ್ನೊಬ್ಬ ತಂಗಿ ಬರುತ್ತಿದ್ದಾರೆ. ಮೂವರೂ ಒಟ್ಟಿಗೆ ಕೂತ ಒಂದು ಫೋಟೋ ಬೇಕು.

"ಮನ್ಯಾಗ ಎಲ್ಲಾರ ಹತ್ರ ಫೋನ್ ಐತಲ್ಲ, ಅದರಾಗ ತೆಗೀಬೌದಲ್ಲ?" ಎಂದರು ಅತ್ತೆ.

"ಫೋನ್ನಾಗ ನನ್ನ ಮೂಗು ಬದನೀಕಾಯಿ ಆಗ್ತೈತಿ ಅಕ್ಕಾ. ಅದೂ ಅಲ್ದ, ತೆಗೆದ ಕೂಡ್ಲೆ ಎಲ್ಲಾರ ಫೋನಿಗೆ ಹೋಗ್ತೈತಿ. ನಮಗದು ನಕ್ಕೊ, ಬ್ಯಾಡ. ನೀನ ಬಾ."

"ನನ್ನ ಕಣ್ಣಿಗೆ ಪೊರಿ ಬಂದು ಆಪರೇಷನ್ ಆಗೈತಿ. ಕ್ಯಾಮೆರಾ ಸತ್ತು ಎಷ್ಟೋ ವರ್ಷ ಆತು."

"ಮದುವಿಗೆ ಇನ್ನಾ ಟೈಮ್ ಐತಿ," ಎಂದು ಅವರು ಚಹಾ ಕುಡಿದು ಎದ್ದು ಹೋದರು. ಅತ್ತೆಯವರು ಆಗುವುದಿಲ್ಲ ಎಂದೇ ಹೇಳಿದ್ದರು. ಆದರೆ ಆ ದಿನ ಸಂಜೆ ನಾನು ಶಾಲೆಯಿಂದ ಬಂದಾಗ ಲೆನ್ಸುಗಳು ಅಲಮಾರಿಯಿಂದ ಹೊರಗೆ ಬಂದು ಅವರ ಮಂಚದ ಮೇಲಿದ್ದವು.

ನಾನು ಹೊಳಗುಂದದ ಶಾಲೆಯಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಬೆಳಕು, ಮಸೂರ ನನಗೆ ಪಾಠದ ವಿಷಯ. ಬಸ್ಸಿನಲ್ಲಿ ಕೂತು ಫೋನಿನಲ್ಲಿ ಓದಿದಾಗ ತಿಳಿದದ್ದು ಇಷ್ಟು: ಹಳೆಯ ಲೆನ್ಸು ಹೊಸ ಡಿಜಿಟಲ್ ಕ್ಯಾಮೆರಾದ ಮೇಲೆ ಕೂರುತ್ತದೆ. ಆದರೆ ಎಲ್ಲದರ ಮೇಲೂ ಅಲ್ಲ, ಕೂತರೂ ಎಲ್ಲ ಕೆಲಸ ಮಾಡುವುದಿಲ್ಲ. ಅದೇ ಕಂಪನಿಯ, ಹಳೆಯದರಂತೆ ಒಳಗೆ ಕನ್ನಡಿ ಇರುವ ಕ್ಯಾಮೆರಾ ಕೊಂಡರೆ ಲೆನ್ಸು ನೇರವಾಗಿ ಕೂರುತ್ತದೆ. ಕನ್ನಡಿ ಇಲ್ಲದ ಹೊಸ ಬಗೆಯದಾದರೆ ನಡುವೆ ಅಡಾಪ್ಟರ್ ಎಂಬ ಉಂಗುರ ಬೇಕು. ಎರಡರಲ್ಲೂ ಫೋಕಸ್ ಮಾತ್ರ ಕೈಯಿಂದಲೇ ತಿರುಗಿಸಬೇಕು.

ನನ್ನ ಗಂಡ ಹತ್ತಿ ವ್ಯಾಪಾರದವರು. ಅವರಿಗೆ ಇದು ಅರ್ಥವಾಗಲಿಲ್ಲ. "ಹೊಸಾ ಕ್ಯಾಮೆರಾ ತಗೊಂಡ್ರ ಹೊಸಾ ಲೆನ್ಸ್ ಅದರ ಜೋಡಿನ ಬರ್ತೈತಿ. ತಾನ ಫೋಕಸ್ ಮಾಡ್ಕೊಂತೈತಿ. ಅವ್ವನ ಕಣ್ಣಿಗೆ ಅದ ಚಲೋ ಅಲ್ಲೇನು?"

ಮಾತು ಸರಿಯಾಗಿಯೇ ಇತ್ತು. ನಾನೂ ಅದನ್ನೇ ಅತ್ತೆಯವರ ಮುಂದಿಟ್ಟೆ. ಅವರು ಲೆನ್ಸಿನ ಉಂಗುರವನ್ನು ಹೆಬ್ಬೆರಳಿನಿಂದ ತಿರುಗಿಸುತ್ತ ಕೂತಿದ್ದರು. "ಅದು ತಾನ ಮಾಡಿದ್ರ ನಾ ಏನ್ ಮಾಡ್ಲಿ?" ಎಂದರು.

ಒಂದು ಭಾನುವಾರ ಇಬ್ಬರೂ ಬಸ್ಸಿನಲ್ಲಿ ಬಳ್ಳಾರಿಗೆ ಹೋದೆವು. ಲೆನ್ಸುಗಳನ್ನು ನನ್ನ ಮಗಳ ಹಳೆಯ ಫ್ಲಾನೆಲ್ ಅಂಗಿಗಳಲ್ಲಿ ಸುತ್ತಿ ಬುತ್ತಿಯ ಚೀಲದಲ್ಲಿ ಇಟ್ಟುಕೊಂಡಿದ್ದೆವು. ಅಲ್ಲಿನ ಅಂಗಡಿಯಾತ ವಯಸ್ಸಿನಲ್ಲಿ ನನ್ನಷ್ಟೇ ಇರಬೇಕು, ತಾಳ್ಮೆಯ ಮನುಷ್ಯ. ಲೆನ್ಸುಗಳನ್ನು ದೀಪಕ್ಕೆ ಹಿಡಿದು ನೋಡಿ, "ಎಂಥ ಚಂದ ಇಟ್ಟೀರಿ ಅಮ್ಮ," ಎಂದ. ಅತ್ತೆಯವರಿಗೆ ಅಷ್ಟಕ್ಕೇ ಅವನ ಮೇಲೆ ನಂಬಿಕೆ ಬಂತು.

ಮೊದಲು ಆತ ಕೊಟ್ಟದ್ದು ಕನ್ನಡಿಯ ಕ್ಯಾಮೆರಾ. ಮೂರರಲ್ಲಿ ಐವತ್ತು ಮಿಲಿಮೀಟರಿನ ಲೆನ್ಸು, ಅತ್ತೆಯವರ ಮಾತಿನಲ್ಲಿ ಐವತ್ತರದು, ಕಟ್ ಎಂದು ಕೂತಿತು. ಅತ್ತೆ ಕಣ್ಣಿಗೆ ಹಿಡಿದು ಬಹಳ ಹೊತ್ತು ನೋಡಿದರು. ಅವರ ಹಳೆಯ ಕ್ಯಾಮೆರಾದಲ್ಲಿ ನಡುವೆ ಒಂದು ಸಣ್ಣ ವೃತ್ತ ಇರುತ್ತಿತ್ತಂತೆ. ಫೋಕಸ್ ತಪ್ಪಿದ್ದರೆ ಅದರೊಳಗೆ ಮುಖ ಎರಡು ಹೋಳಾಗಿ ಕಾಣುತ್ತಿತ್ತು, ಸರಿಯಾದಾಗ ಹೋಳುಗಳು ಕೂಡಿಕೊಳ್ಳುತ್ತಿದ್ದವು.

"ಆ ಗೋಲ ಇದರಾಗ ಇಲ್ಲೇನು?"

"ಇಲ್ರೀ ಅಮ್ಮ. ಇದು ಆಟೋ ಫೋಕಸಿಗೆ ಮಾಡಿದ್ದು."

"ಕಿಂಡ್ಯಾಗಿಂದ ನೋಡಿದಂಗ ಐತಿ. ಮಂಕ ಐತಿ." ಅವರು ಅದನ್ನು ಕೆಳಗಿಟ್ಟರು. ಈ ಅಗ್ಗದ ಮಾದರಿ ಹಳೆಯ ಲೆನ್ಸು ಹಾಕಿದರೆ ಬೆಳಕನ್ನೂ ಅಳೆಯುವುದಿಲ್ಲ ಎಂದು ಅಂಗಡಿಯಾತ ತಾನಾಗಿಯೇ ಹೇಳಿದ.

ಎರಡನೆಯದು ಕನ್ನಡಿ ಇಲ್ಲದ್ದು, ಪುಟ್ಟದು. ಉಂಗುರ ಹಾಕಿ ಲೆನ್ಸು ಕೂರಿಸಿ ಕೊಟ್ಟ. ಅತ್ತೆ ಕಣ್ಣಿಗೆ ಹಿಡಿದವರೇ ಕೆಳಗಿಳಿಸಿದರು. "ಇದು ಟೀವಿ. ಮನುಷ್ಯಾ ಕಾಣವಲ್ಲ, ಮನುಷ್ಯಾನ ಫೋಟೋ ಕಾಣ್ತೈತಿ." ಆತ ನಕ್ಕು, ಒಂದು ಗುಂಡಿ ಒತ್ತಿ, ಮತ್ತೆ ನೋಡಿ ಎಂದ. ಈ ಬಾರಿ ಅವರು ಕ್ಯಾಮೆರಾ ಇಳಿಸಲಿಲ್ಲ. ಎಡಗೈ ಉಂಗುರವನ್ನು ಒಂದಿಷ್ಟು ಆ ಕಡೆ, ಒಂದಿಷ್ಟು ಈ ಕಡೆ ತಿರುಗಿಸಿತು. ಆ ಗುಂಡಿ ಒತ್ತಿದರೆ ನೋಡುತ್ತಿರುವ ಜಾಗ ಹತ್ತು ಪಾಲು ದೊಡ್ಡದಾಗಿ ಕಾಣುತ್ತದೆ.

"ಯವ್ವಾ," ಎಂದರು ನನಗೆ, "ಇವನ ಕಣ್ಣಿನ ರೆಪ್ಪಿಕೂದ್ಲ ಒಂದೊಂದ ಕಾಣಾಕತ್ಯಾವು."

ನಾನು ಅದೇ ಆಯಿತು ಅಂದುಕೊಂಡೆ. ಅತ್ತೆಯವರು ಮಾತ್ರ ಕ್ಯಾಮೆರಾ ಹಿಡಿದು ನನ್ನೆದುರು ನಿಂತು, ಒಂದು ಹೆಜ್ಜೆ ಹಿಂದೆ, ಮತ್ತೊಂದು ಹೆಜ್ಜೆ ಹಿಂದೆ ಹೋಗಿ, ಬೆನ್ನು ಗಾಜಿನ ಬಾಗಿಲಿಗೆ ತಾಗಿಸಿಕೊಂಡರು.

"ಐವತ್ತರ ಲೆನ್ಸಿಗೆ ನಾ ಇಷ್ಟ ದೂರ ನಿಂತಿಲ್ಲ. ಏನೋ ಕತ್ತರಿಸೈತಿ ಇದು."

ಆಗ ನನಗೆ ಪಾಠದಲ್ಲಿ ಓದಿದ್ದು ಕಣ್ಣೆದುರು ಬಂತು. ಲೆನ್ಸು ಅದೇ ಚಿತ್ರವನ್ನು ಬೀಳಿಸುತ್ತದೆ. ಈ ಕ್ಯಾಮೆರಾದೊಳಗೆ ರೀಲಿನ ಬದಲು ಬೆಳಕು ಹಿಡಿಯುವ ಸೆನ್ಸರ್ ಹಳೆಯ ರೀಲಿಗಿಂತ ಚಿಕ್ಕದು, ನಡುವಿನ ಭಾಗವನ್ನಷ್ಟೇ ಹಿಡಿಯುತ್ತದೆ. ಆದೋನಿಯ ಹಳೆಯ ಮನೆಗಳ ಒಳಕೋಣೆಯಲ್ಲಿ ಹಿಂದೆ ಸರಿಯಲು ಜಾಗ ಎಲ್ಲಿರುತ್ತದೆ? ಮೂವರನ್ನು ಕೂರಿಸಿದರೆ ಇವರು ಗೋಡೆಯೊಳಗೆ ಹೋಗಿ ನಿಲ್ಲಬೇಕಾಗುತ್ತದೆ. ರೀಲಿನಷ್ಟೇ ದೊಡ್ಡ ಸೆನ್ಸರ್ ಇರುವುದು, ಫುಲ್ ಫ್ರೇಮ್ ಅನ್ನುತ್ತಾರಲ್ಲ, ಅದು ಇದೆಯೇ ಎಂದು ಕೇಳಿದೆ. ಹೊಸದು ನಮ್ಮ ಕೈಗೆ ಎಟಕುವಂತಿರಲಿಲ್ಲ. ಯಾರೋ ಬಳಸಿ ಕೊಟ್ಟುಹೋದ, ಹಿಡಿಯ ರಬ್ಬರು ಸವೆದ ಒಂದು ಹಳೆಯ ಮಾದರಿ ಒಳಗಿತ್ತು. ಅದಕ್ಕೆ ಹೊಂದುವ ಉಂಗುರ ತರಿಸಿ ಕೊರಿಯರ್ ಮಾಡುತ್ತೇನೆ ಎಂದ. ಅತ್ತೆ ಅದನ್ನು ಕೈಯಲ್ಲಿ ಹಿಡಿದು ತೂಕ ನೋಡಿ ತಲೆಯಾಡಿಸಿದರು. ಲೆನ್ಸು ಹಾಕಿ ನೋಡದೆಯೇ ಕೊಂಡು ಬಂದೆವು.

ಉಂಗುರ ಬಂದ ದಿನ ಲೆನ್ಸು ಕೂರಿಸಿ, ಅಂಗಳದ ತುಳಸಿಕಟ್ಟೆಯ ಕಡೆ ಹಿಡಿದು ಅತ್ತೆಯವರು ಗುಂಡಿ ಒತ್ತಿದರು. ಏನೂ ಆಗಲಿಲ್ಲ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಬಂತು. ನಾನು ಓದಿ ಹೇಳಿದೆ, "ಲೆನ್ಸ್ ಇಲ್ಲ ಅಂತೈತ್ರಿ ಅತ್ತಿ."

"ಇಲ್ಲ? ಮೂತಿ ಮ್ಯಾಲ ಕುಂತೈತಿ, ಇಲ್ಲಂತ ಹ್ಯಾಂಗ ಅಂತೈತಿ?"

ಹಳೆಯ ಲೆನ್ಸಿನಲ್ಲಿ ವಿದ್ಯುತ್ ಸಂಪರ್ಕವಿಲ್ಲ. ಹಾಗಾಗಿ ಕ್ಯಾಮೆರಾಕ್ಕೆ ಅದು ಇರುವುದೇ ತಿಳಿಯುವುದಿಲ್ಲ. ಲೆನ್ಸು ಇಲ್ಲದಿದ್ದರೂ ಫೋಟೋ ತೆಗೆ ಎಂದು ಅದಕ್ಕೆ ಮೊದಲೇ ಅಪ್ಪಣೆ ಕೊಟ್ಟಿರಬೇಕು. ಆ ಅಪ್ಪಣೆ ಮೆನುವಿನ ಯಾವುದೋ ಒಳಪುಟದಲ್ಲಿ ಅಡಗಿತ್ತು. ಹುಡುಕಲು ಅರ್ಧ ಮಧ್ಯಾಹ್ನ ಹಿಡಿಯಿತು. ಆಮೇಲೆ ಕ್ಲಿಕ್ ಆಯಿತು. ಆ ಸದ್ದಿಗೆ ಅತ್ತೆಯವರು ಸಣ್ಣಗೆ ನಕ್ಕರು.

ಆದರೆ ಮೊದಲ ವಾರದ ಫೋಟೋಗಳೆಲ್ಲ ಮಂಕು. ಫೋಕಸ್ ಸರಿಯಾದ ಅಂಚುಗಳಿಗೆ ಕೆಂಪು ಬಣ್ಣ ತೋರಿಸುವ ಸೌಲಭ್ಯ ಅದರಲ್ಲಿತ್ತು. ನಾನೇ ಉತ್ಸಾಹದಿಂದ ಅದನ್ನು ಹಾಕಿಕೊಟ್ಟಿದ್ದೆ. ನನ್ನ ಮಗಳ ಮುಖದ ತುಂಬ ಕೆಂಪು ಗೆರೆಗಳು ಹರಿದಾಡುತ್ತಿದ್ದವು, ಅತ್ತೆಯವರು ಅವುಗಳ ಹಿಂದೆ ಬಿದ್ದು ಅವಳ ಕಣ್ಣಿನ ಬದಲು ಕಿವಿಯ ಓಲೆಯನ್ನು ಫೋಕಸ್ ಮಾಡುತ್ತಿದ್ದರು. ಒಂದು ದಿನ ಬೇಸತ್ತು ಕ್ಯಾಮೆರಾವನ್ನು ನನ್ನ ಮಡಿಲಿಗೆ ಇಟ್ಟರು. "ನನ್ನಿಂದ ಆಗವಲ್ದು. ಮದುವಿ ಮನ್ಯಾಕಿಗೆ ಇಲ್ಲಂತ ಹೇಳಿ ಕಳಿಸು."

ನಾನು ಕೆಂಪು ಗೆರೆ ತೆಗೆದುಹಾಕಿ, ದೊಡ್ಡದು ಮಾಡುವ ಗುಂಡಿಯೊಂದನ್ನೇ ಬಿಟ್ಟು, ಕ್ಯಾಮೆರಾವನ್ನು ಅವರ ದಿಂಬಿನ ಪಕ್ಕ ಇಟ್ಟು ಶಾಲೆಗೆ ಹೋದೆ. ಸಂಜೆ ಬಂದಾಗ ಮಗಳನ್ನು ಕಿಟಕಿಯ ಹತ್ತಿರ ಕೂರಿಸಿಕೊಂಡು, "ಅಲ್ಲಾಡಬ್ಯಾಡ, ಉಸಿರು ಹಿಡಿ," ಎನ್ನುತ್ತಿದ್ದರು. ಆ ಫೋಟೋದಲ್ಲಿ ಮಗಳ ಕಣ್ಣಿನೊಳಗೆ ನಮ್ಮ ಕಿಟಕಿಯ ಸರಳುಗಳು ಕಾಣುತ್ತಿದ್ದವು.

ಮದುವೆಯ ಮರುದಿನ ನಮ್ಮನ್ನು ಕರೆದರು. ಅಕ್ಕತಂಗಿಯರು ಒಳಕೋಣೆಯಲ್ಲಿ ಕಾಯುತ್ತಿದ್ದರು. ಒಂದೇ ಕಿಟಕಿ, ಅದಕ್ಕೆ ಹಸಿರು ಪರದೆ. ಅತ್ತೆ ಪರದೆಯನ್ನು ಅರ್ಧ ಸರಿಸಿ ಬೆಳಕು ನೋಡಿದರು. ಮಕ್ಕಳನ್ನು, ಸೊಸೆಯಂದಿರನ್ನು ಹೊರಗೆ ಕಳಿಸಿದರು. ನನ್ನ ಫೋನನ್ನೂ ಹೊರಗಿಟ್ಟು ಬರಲು ಹೇಳಿದರು. ಬಾಗಿಲು ಹಾಕಿದ ಮೇಲೆ ಮೂವರೂ ತಲೆಯ ಮೇಲಿನ ದುಪಟ್ಟಾ ಸಡಿಲಿಸಿದರು.

ಹೈದರಾಬಾದಿನಿಂದ ಬಂದ ತಂಗಿಗೆ ಲಕ್ವಾ ಹೊಡೆದು ಬಾಯಿಯ ಎಡಬದಿ ಕೆಳಗೆ ಎಳೆದಿತ್ತು. ಅತ್ತೆಯವರು ಅದನ್ನು ನೋಡಿ, ಅವರ ಕುರ್ಚಿಯನ್ನು ತುಸು ತಿರುಗಿಸಿ ಆ ಬದಿ ನೆರಳಿಗೆ ಹೋಗುವಂತೆ ಮಾಡಿದರು. ಆಕೆ ಎದ್ದು ಕುರ್ಚಿಯನ್ನು ಮತ್ತೆ ನೇರ ಮಾಡಿಕೊಂಡು ಕೂತರು.

"ಛುಪಾವ್ ನಕ್ಕೊ ಅಕ್ಕಾ, ಮುಚ್ಚಬ್ಯಾಡ. ಹ್ಯಾಂಗ ಐತಿ, ಹಾಂಗ ತೆಗಿ."

ಅತ್ತೆಯವರು, "ಆತವಾ, ತಪ್ಪಾತು," ಎಂದು ಐವತ್ತರ ಲೆನ್ಸು ಹಾಕಿ ತಮ್ಮ ಜಾಗದಲ್ಲಿ ನಿಂತರು. ಗೋಡೆಗೂ ಬೆನ್ನಿಗೂ ನಡುವೆ ಒಂದು ಗೇಣು ಉಳಿದಿತ್ತು. ಮೂರು ಮುಖಗಳ ಮೇಲೆ ಒಂದೊಂದಾಗಿ ದೊಡ್ಡದು ಮಾಡಿ ನೋಡಿದರು. ಗುಂತಕಲ್ಲಿನ ತಂಗಿಗೆ ಕಾದು ಕಾದು ನಗು ಬಂತು, ಅದು ಉಳಿದಿಬ್ಬರಿಗೂ ಹತ್ತಿತು. ಆಗ ಕ್ಲಿಕ್ಕಿಸಿದರು.

ಮುಗಿಯಿತು ಎಂದು ನಾನು ಚೀಲ ತೆಗೆದೆ. ನಮ್ಮ ಮನೆಗೆ ಬಂದಿದ್ದ ದೊಡ್ಡಕ್ಕ ಕೈ ಚಾಚಿ, "ನೆಗೆಟಿವ್?" ಎಂದರು.

ನನಗೆ ತಿಳಿಯಲಿಲ್ಲ. ಅತ್ತೆಯವರಿಗೆ ತಿಳಿಯಿತು. ಆ ಕಾಲದಲ್ಲಿ ಈ ಮನೆಗಳ ಫೋಟೋಗಳನ್ನು ಅವರೇ ಡಾರ್ಕ್ ರೂಮಿನಲ್ಲಿ ತೊಳೆದು, ಪ್ರಿಂಟ್ ಹಾಕಿ, ನೆಗೆಟಿವನ್ನೂ ಜೊತೆಗೆ ಕೊಟ್ಟುಬಿಡುತ್ತಿದ್ದರಂತೆ. ಸ್ಟುಡಿಯೋದಲ್ಲಿ ಒಂದೂ ಉಳಿಯುತ್ತಿರಲಿಲ್ಲ, ಮಾವನವರು ಒಂದನ್ನೂ ನೋಡಿದವರಲ್ಲ. ಇವರನ್ನು ಒಳಗೆ ಬಿಟ್ಟುಕೊಂಡದ್ದು ಅದೇ ನಂಬಿಕೆಯ ಮೇಲೆ. ಇಷ್ಟು ದಿನ ನಾವು ಸೆನ್ಸರ್, ಉಂಗುರ ಎಂದು ತಲೆ ಕೆಡಿಸಿಕೊಂಡಿದ್ದೆವು. ಈ ಪ್ರಶ್ನೆ ನನ್ನ ತಲೆಗೇ ಬಂದಿರಲಿಲ್ಲ.

"ನೆಗೆಟಿವ್ ಎಲ್ಲೈತಿ ಇದರಾಗ?" ಎಂದು ಅತ್ತೆ ನನ್ನನ್ನು ಕೇಳಿದರು.

ನಾನು ಕ್ಯಾಮೆರಾದ ಬದಿಯ ಮುಚ್ಚಳ ತೆಗೆದು ಉಗುರಿನಷ್ಟು ಅಗಲದ ಕಾರ್ಡು ತೋರಿಸಿದೆ. ಮನೆಗೆ ಒಯ್ದು ಪ್ರಿಂಟ್ ಹಾಕಿ ತಂದುಕೊಡುತ್ತೇನೆ ಎಂದೆ. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೇಡ ಎನ್ನಲು ಅವರಿಗೆ ದಾಕ್ಷಿಣ್ಯ. ಅತ್ತೆಯವರು ಕಾರ್ಡನ್ನು ನನ್ನ ಕೈಯಿಂದ ತೆಗೆದು ದೊಡ್ಡಕ್ಕನ ಅಂಗೈಯಲ್ಲಿಟ್ಟರು. "ನೀ ಹೋಗಿ ನಿನ್ನ ಪ್ರಿಂಟರ್ ತಗೊಂಬಾ," ಎಂದರು ನನಗೆ.

ಶಾಲೆಯ ಕೆಲಸಕ್ಕೆಂದು ಮನೆಯಲ್ಲಿ ಒಂದು ಬಣ್ಣದ ಪ್ರಿಂಟರ್ ಇಟ್ಟುಕೊಂಡಿದ್ದೆ. ಆಟೋದಲ್ಲಿ ಹೋಗಿ, ಅದನ್ನು ಮಡಿಲಲ್ಲಿಟ್ಟುಕೊಂಡು, ದಾರಿಯಲ್ಲಿ ಹೊಳೆಯುವ ಕಾಗದ ಕೊಂಡು ಬಂದೆ. ಅಷ್ಟರಲ್ಲಿ ಅಲ್ಲಿ ನಾಲ್ವರೂ ಊಟಕ್ಕೆ ಕೂತಿದ್ದರು. ಅತ್ತೆಯವರಿಗೆಂದು ಬೇರೆಯಾಗಿ ಬೇಳೆಸಾರು, ರೊಟ್ಟಿ ಮಾಡಿಸಿದ್ದರು. ಊಟವಾದ ಮೇಲೆ ಕಾರ್ಡನ್ನು ನೇರ ಪ್ರಿಂಟರಿನ ಬಾಯಿಗೆ ಹಾಕಿದೆ. ಕಾಗದ ನಿಧಾನವಾಗಿ ಹೊರಗೆ ಬಂತು, ಮೊದಲು ಕಿಟಕಿಯ ಚೌಕಟ್ಟು, ಆಮೇಲೆ ಕೂದಲು, ಹಣೆ, ಕಣ್ಣುಗಳು. ಮೂವರೂ ಅದರ ಮೇಲೆ ಬಾಗಿದ್ದರು. ಹೈದರಾಬಾದಿನವರು ತಮ್ಮ ಮುಖವನ್ನು ಬೆರಳಿನಿಂದ ಮುಟ್ಟಿ, "ಅಮ್ಮೀಜಾನ್ ಹಂಗ ಆಗೀನಿ," ಎಂದು ಅಕ್ಕನಿಗೆ ತೋರಿಸಿದರು. ದೊಡ್ಡಕ್ಕ ಕಾರ್ಡನ್ನು ಎಲೆಯಡಿಕೆಯ ಪಾನದಾನಿಯ ಒಂದು ಖಾನೆಯಲ್ಲಿಡಲು ಹೋದರು. "ಸುಣ್ಣ ಹತ್ತಿ ಹಾಳಾಗ್ತೈತಿ ಮಾರಾಯ್ತಿ!" ಎಂದು ಅತ್ತೆ ಗದರಿದ ಮೇಲೆ ಕಬ್ಬಿಣದ ಪೆಟ್ಟಿಗೆಗೆ ಹೋಯಿತು.

ಹಾಗಾಗಿ ಅತ್ತೆಯವರು ಆ ಕ್ಯಾಮೆರಾದಲ್ಲಿ ತೆಗೆದ ಅತ್ಯಂತ ಚೆಂದದ ಫೋಟೋ ನಮ್ಮ ಮನೆಯಲ್ಲಿಲ್ಲ. ಒಂದು ಪ್ರತಿ ಉಳಿಸಿಕೊಳ್ಳುವ ಆಸೆ ನನಗಿತ್ತು. ವಾಪಸು ಬರುವಾಗ ಆಟೋದಲ್ಲಿ ಬಾಯಿಬಿಟ್ಟು ಹೇಳಿಯೂ ಬಿಟ್ಟೆ. ಅತ್ತೆ, "ಅದು ಅವರದು," ಎಂದಷ್ಟೇ ಹೇಳಿ, ತಮ್ಮ ಕಾಲು ನೋಯುತ್ತಿರುವ ಮಾತು ತೆಗೆದರು.

ಸುದ್ದಿ ಹರಡಿತು. ಈಗ ತಿಂಗಳಿಗೊಂದೆರಡು ಮನೆಗಳಿಂದ ಕರೆ ಬರುತ್ತದೆ. ಎಮ್ಮಿಗನೂರಿನಿಂದಲೂ ಒಮ್ಮೆ ಬಂದಿತ್ತು. ಅತ್ತೆಯವರು ಸಣ್ಣ ಕಾರ್ಡುಗಳನ್ನು ಒಟ್ಟಿಗೆ ತರಿಸಿ ಇಟ್ಟುಕೊಂಡಿದ್ದಾರೆ. ಒಂದು ಮನೆಗೆ ಒಂದು ಕಾರ್ಡು, ತೆಗೆದದ್ದು ಅಲ್ಲೇ ಬಿಟ್ಟು ಬರುವುದು. ನಾನು ಪ್ರಿಂಟರ್ ಹೊರುತ್ತೇನೆ.

ಬಿಡುವಿನ ದಿನ ಕ್ಯಾಮೆರಾ ನನ್ನದು. ಎಂಬತ್ತೈದರ ಲೆನ್ಸು ಹಾಕಿಕೊಂಡು ಹೊಳಗುಂದದ ದಾರಿಯಲ್ಲಿ ಬಸ್ಸಿಳಿದು, ಜೋಳ ಕೊಯ್ದ ಹೊಲಗಳಲ್ಲಿ ಕುರಿ ಮೇಯಿಸುವವರ ಹಿಂದೆ ತಿರುಗುತ್ತೇನೆ. ಕುರಿಗಳು ನಿಲ್ಲುವುದಿಲ್ಲ, ನನ್ನ ಕೈ ಇನ್ನೂ ನಿಧಾನ. ಕಳೆದ ವಾರ ತೆಗೆದದ್ದರಲ್ಲಿ ಒಂದು ಚೆನ್ನಾಗಿದೆ ಎನಿಸಿ ಅತ್ತೆಯವರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ, ದೊಡ್ಡದು ಮಾಡುವ ಗುಂಡಿ ಒತ್ತಿ, ಮೂಲೆಯಿಂದ ಮೂಲೆಗೆ ನೋಡಿದರು.

"ಕುರಿ ಚಲೋ ಬಂದಾವು," ಎಂದರು. "ಕುರುಬನ ಮುಖ ಮಂಕಾಗೈತಿ. ಮತ್ತ ಹೋಗು."